ಮೂಲೆ ಹರಿದ ಪತ್ರ

ವಿಳಾಸ ಬರೆಯಲು ಬಾರದವರು ಪತ್ರ ಯಾಕೆ ಬರೆಯಬೇಕು ಎಂದು ನಾನು ಮೂವತ್ತು ವರ್ಷ ಬೈದಿದ್ದೇನೆ. 'ನಮ್ಮ ಮಾವನಿಗೆ, ಹನುಮಂತದೇವರ ಗುಡಿ ಹಿಂದ, ಇಂಡಿ ತಾಲೂಕ' ಎಂದು ಬರೆದರೆ ಯಾರ ಮಾವ, ಯಾವ ಹನುಮಂತದೇವರು? ಹನುಮಪ್ಪನ ಗುಡಿ ಇಲ್ಲದ ಊರು ತಾಲ್ಲೂಕಿನಲ್ಲಿ ಒಂದಾದರೂ ಇದ್ದರೆ ತೋರಿಸಿ. ಅಂಥ ಪತ್ರವನ್ನೂ ನಾನು ಮನೆ ಹುಡುಕಿಯೇ ಕೊಡುತ್ತಿದ್ದೆ. ಕೊಡುವಾಗ ಜೊತೆಗೆ ನಾಲ್ಕು ಮಾತನ್ನೂ ಕೊಡುತ್ತಿದ್ದೆ. ಊರವರು ಬೆನ್ನ ಹಿಂದೆ ನನ್ನನ್ನು ಸಿಡುಕ ಮಾಸ್ತರ ಎನ್ನುತ್ತಿದ್ದರು. ಬೆನ್ನ ಹಿಂದೆ ಎಂದು ಅವರು ತಿಳಿದಿದ್ದರು, ಅಷ್ಟೆ. ನನ್ನ ಎರಡೂ ಕಿವಿ ಆಗ ನೆಟ್ಟಗಿದ್ದವು.

ಇಂಡಿಯಿಂದ ಲಚ್ಯಾಣದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ನಮ್ಮ ಮನೆಯ ಪಡಸಾಲೆಯೇ ಅಂಚೆ ಕಚೇರಿ. ಮಡಿವಾಳಪ್ಪ ಎಂಬ ನಾನೇ ಅದರ ಮಾಸ್ತರ, ಸೈಕಲ್ ಹತ್ತಿ ಪತ್ರ ಹಂಚುವ ಪೋಸ್ಟಮನ್ನೂ ನಾನೇ. ಒಂದು ಮೇಜು, ಒಂದು ಕುರ್ಚಿ, ತಾರೀಖಿನ ಠಸ್ಸೆ, ಕಪ್ಪು ಮಸಿಯ ಮೆತ್ತೆ, ಕೆಂಪು ಶಾಯಿಯ ಬಾಟಲಿ, ಅರಗು ಕಾಯಿಸಲು ಒಂದು ಚಿಮಣಿ. ಇಷ್ಟರಲ್ಲೇ ಸರ್ಕಾರ ನಡೆಯುತ್ತಿತ್ತು. ಮಧ್ಯಾಹ್ನ ಅರಗು ಕರಗಿದ ವಾಸನೆ ಬಂದರೆ ನಮ್ಮ ಓಣಿಯವರು ಒಂದು ಗಂಟೆಯಾಯಿತು ಎಂದು ತಿಳಿಯುತ್ತಿದ್ದರು. ಈಗ ಅಂಚೆ ಕಚೇರಿ ಬೇರೆ ಕಡೆ ಇದೆ. ಆ ಮೇಜು ಮಾತ್ರ ನಮ್ಮ ಹಿತ್ತಲ ಕೋಣೆಯಲ್ಲಿದೆ. ಅದರ ಅಂಚಿನಲ್ಲಿ ಅಂಗೈ ಅಗಲದ ಕಂದು ಕಲೆ. ಅದನ್ನು ಉಜ್ಜಿ ತೆಗೆಯುತ್ತೇನೆಂದು ಸೊಸೆ ಹೊರಟಾಗಲೆಲ್ಲ ನಾನು ಗದರುತ್ತೇನೆ. ಆ ಕಲೆ ಇರಬೇಕು. ಅದು ನನ್ನ ತಪ್ಪಿನ ಗುರುತು.

ಎಪ್ಪತ್ತಾರನೇ ಇಸವಿ. ಯುಗಾದಿ ಮುಗಿದು ನಾಲ್ಕು ದಿನವಾಗಿತ್ತು, ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಇಂಡಿಯ ಬಸ್ಸು ಒಂದು ಗಂಟೆಗೆ ಬಂದು ಚೀಲ ಇಳಿಸಿ, ಮುಂದಿನ ಹಳ್ಳಿಗೆ ಹೋಗಿ, ಅರ್ಧ ತಾಸಿನಲ್ಲಿ ತಿರುಗಿ ಬರುತ್ತಿತ್ತು. ಅಷ್ಟರೊಳಗೆ ಬಂದ ಪತ್ರಗಳಿಗೆ ಠಸ್ಸೆ ಹೊಡೆದು, ಹೋಗುವ ಚೀಲದ ಬಾಯಿಗೆ ಸುತಳಿ ಬಿಗಿದು, ಗಂಟಿನ ಮೇಲೆ ಅರಗು ಸುರಿದು, ಹಿತ್ತಾಳೆಯ ಮುದ್ರೆ ಒತ್ತಿ ಸಿದ್ಧವಿರಬೇಕು. ಆ ದಿನ ಬಸ್ಸೇ ತಡ. ತಿರುಗಿ ಬಂದ ಡ್ರೈವರ ಬಾಗಿಲ ಮುಂದೆ ನಿಂತು ಹಾರ್ನ್ ಹೊಡೆಯುವುದನ್ನು ಬಿಡಲೇ ಇಲ್ಲ. ನನಗೆ ತಲೆ ಕೆಟ್ಟಿತು. ಅರಗು ಗಂಟಿನ ಮೇಲೆ ಬಿದ್ದಷ್ಟೇ ಮೇಜಿನ ಅಂಚಿನ ಮೇಲೂ ಬಿತ್ತು. ಹಂಚುವ ಪತ್ರಗಳ ಕಟ್ಟನ್ನು ಅಲ್ಲೇ ಇಟ್ಟು ಚೀಲ ಎತ್ತಿಕೊಂಡು ಓಡಿದೆ. ಡ್ರೈವರನಿಗೆ ಬೈದು ಬಂದು, ಅದೇ ಸಿಟ್ಟಿನಲ್ಲಿ ಕಟ್ಟನ್ನು ಎಳೆದು ಸೈಕಲ್ಲಿನ ಚೀಲಕ್ಕೆ ತುರುಕಿದೆ. ಏನೋ ಚರ್ ಎಂದಿತು. ನಾನು ತಿರುಗಿ ನೋಡಲಿಲ್ಲ.

ಕಟ್ಟಿನ ಕೆಳಗಿನ ಪತ್ರ ಶೇವಂತೆವ್ವನದು. ಊರ ಹೊರಗೆ ಕುರುಬರ ಹಟ್ಟಿ. ಅಲ್ಲಿ ಮುದುಕ ಬೀರಣ್ಣ, ಅವನ ಮಗ ಪರಸಪ್ಪ, ಸೊಸೆ ಶೇವಂತೆವ್ವ. ಪರಸಪ್ಪ ಪ್ರತಿವರ್ಷ ಸಂಕ್ರಾಂತಿ ಕಳೆದ ಮೇಲೆ ಹಿಂಡು ಹೊಡೆದುಕೊಂಡು ಮುದ್ದೇಬಿಹಾಳದಾಚೆ ಕೃಷ್ಣೆಯ ದಂಡೆಗೆ ಹೋಗುತ್ತಿದ್ದ. ದಾರಿಯುದ್ದಕ್ಕೂ ರೈತರ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬುತ್ತ, ಅಂದರೆ ಮಂದೆ ಕೂಡಿ ನಿಲ್ಲಿಸುತ್ತ ಹೋಗಿ, ಮುಂಗಾರಿಗೆ ತಿರುಗಿ ಬರುತ್ತಿದ್ದ. ಆ ವರ್ಷ ಅಕ್ಷಯ ತದಿಗೆಗೆ ಶೇವಂತೆವ್ವನ ತಂಗಿಯ ಮದುವೆ, ಸಿಂದಗಿಯ ಕಡೆಯ ಒಂದು ಹಳ್ಳಿಯಲ್ಲಿ. ಅಷ್ಟರೊಳಗೆ ಬರುತ್ತೇನೆಂದು ಮಾತು ಕೊಟ್ಟು ಹೋಗು ಎಂದು ಇವಳು. ಕುರಿ ಕೇಳಿ ಮಾತು ಕೊಡಬೇಕಾಗುತ್ತದೆ ಎಂದು ಅವನು. ಜಗಳ ಓಣಿಯ ತುದಿಯವರೆಗೆ ಕೇಳುತ್ತಿತ್ತು. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡಾಗ ನಾನು ಸೈಕಲ್ ಮೇಲೆ ಅಲ್ಲೇ ಹಾಯುತ್ತಿದ್ದೆ.

"ಹೋದ್ರ ಹೋಗು. ಹೊಳ್ಳಿ ಬರಬ್ಯಾಡ" ಎಂದಳು ಶೇವಂತೆವ್ವ.

ಅವನು ತಿರುಗಿ ನೋಡದೆ ಹೋದ. ಗಂಡ ಹೆಂಡಿರ ಜಗಳ, ನನಗೇನು ಎಂದು ನಾನೂ ಹೋದೆ.

ಅವತ್ತು ಹಟ್ಟಿಯ ಮುಂದೆ ಸೈಕಲ್ ನಿಲ್ಲಿಸಿ, ಶೇವಂತೆವ್ವ ಎಂದು ಕೂಗಿದೆ. ಹೆಣ್ಣುಮಕ್ಕಳ ಹೆಸರಿಗೆ ಪತ್ರ ಬರುವುದೇ ಆಗ ಅಪರೂಪ. ಬಂದರೆ ಮನೆಯ ಹಿರಿಯನ ಹೆಸರಿಗೆ ಬರಬೇಕು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವಳ ಮುಂದೆ ಪತ್ರ ಹಿಡಿದೆ. ಅವಳು ಅದನ್ನು ನೋಡಿದಳು. ಚಾಚಿದ ಕೈ ಹಿಂದೆ ಹೋಯಿತು. ಆಗ ನಾನೂ ನೋಡಿದೆ. ನೀಲಿ ಇನ್‌ಲ್ಯಾಂಡ್ ಪತ್ರದ ಒಂದು ಮೂಲೆ ಹರಿದಿತ್ತು.

ನಮ್ಮ ಕಡೆ ಸಾವಿನ ಸುದ್ದಿ ಬರೆದ ಪತ್ರದ ಮೂಲೆ ಹರಿದು ಅಂಚೆಗೆ ಹಾಕುತ್ತಾರೆ. ಓದು ಬಾರದವರಿಗೂ ಕೈಗೆ ಬರುವ ಮೊದಲೇ ತಿಳಿಯಲಿ ಎಂದು. ಅಂಥ ಪತ್ರ ಹೊಸ್ತಿಲು ದಾಟುವಂತಿಲ್ಲ. ಬೀದಿಯಲ್ಲೇ ನಿಂತು ಓದಿಸಿ, ಅಲ್ಲೇ ಹರಿದೊಗೆದು, ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಹೋಗಬೇಕು. ಇದು ನನಗೂ ಗೊತ್ತು, ಅವಳಿಗೂ ಗೊತ್ತು. ನಾನು ಪತ್ರ ತಿರುಗಿಸಿ ಕಳಿಸಿದವರ ಹೆಸರು ಓದಿದೆ: ಇಬ್ರಾಹಿಂಸಾಬ, ಕಿರಾಣಿ ಅಂಗಡಿ, ಕೆಳಗೆ ಮುದ್ದೇಬಿಹಾಳ ತಾಲ್ಲೂಕಿನ ಒಂದು ಊರು. ಗಂಡ ಹೋದ ಸೀಮೆಯಿಂದ, ಗುರುತಿಲ್ಲದವರ ಪತ್ರ, ಹೆಂಡತಿಯ ಹೆಸರಿಗೆ. ಇನ್ನು ಒಡೆದು ಓದುವುದೇನಿತ್ತು?

ಶೇವಂತೆವ್ವ ಅಳಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೊಸ್ತಿಲ ಮೇಲೆ ನಿಂತುಬಿಟ್ಟಳು.

"ನಾ ಇದನ್ನ ಒಲ್ಲೆರಿ ಮಾಸ್ತರ. ಎಲ್ಲಿಂದ ಬಂದೈತಿ ಅಲ್ಲಿಗೇ ಹೊಳ್ಳಿ ಕಳಸ್ರಿ."

ಒಡೆದು ಓದುತ್ತೇನೆ, ಕೇಳು ಎಂದೆ. ಬೇಡವೆಂದಳು. ಬೀರಣ್ಣನನ್ನು ಕರೆದೆ. ಮುದುಕ ಬಂದು ಹರಿದ ಮೂಲೆ ನೋಡಿ ಗೋಡೆ ಹಿಡಿದು ಕುಳಿತ. ಸೊಸೆಯ ಹೆಸರಿಗೆ ಬಂದಿದೆ, ಅವಳು ಬೇಡವೆಂದರೆ ಬೇಡ ಎಂದ. ಓದಿದರೆ ಬಳೆ ಒಡೆಯಬೇಕು, ಕುಂಕುಮ ಒರೆಸಬೇಕು. ಓದದಿದ್ದರೆ ಅವನು ಎಲ್ಲೋ ಒಂದು ಹೊಲದಲ್ಲಿ ಕುರಿ ತರುಬಿಕೊಂಡು ಇದ್ದಾನೆ. ಅವರಿಬ್ಬರೂ ಹೇಳದೆ ಹೇಳಿದ್ದು ಇಷ್ಟು.

ನನ್ನ ಸಿಟ್ಟಿಗೆ ಬೆಂಕಿ ಬೀಳಲಿ. ಒಂದು ತಾಸು ಅಲ್ಲೇ ಕುಳಿತು ಸಮಾಧಾನ ಹೇಳಿದ್ದರೆ, ಹರಿದ ಅಂಚನ್ನು ಒಂದು ಸಲ ಸರಿಯಾಗಿ ನೋಡಿದ್ದರೆ! ನನ್ನ ಚೀಲದಲ್ಲಿ ಇನ್ನೂ ಒಂಬತ್ತು ಪತ್ರಗಳಿದ್ದವು, ತಲೆಯಲ್ಲಿ ಡ್ರೈವರನ ಹಾರ್ನ್ ಇತ್ತು. ಬೇಡ ಎಂದರೆ ಕಾಯಿದೆ ಇದೆ ಎಂದೆ. ಪರರ ಪತ್ರ ಇಣುಕಿ ನೋಡದವನು ಎಂಬ ಜಂಬ ಬೇರೆ. ಕಚೇರಿಗೆ ಬಂದು ಕೆಂಪು ಶಾಯಿಯಲ್ಲಿ 'ತೆಗೆದುಕೊಳ್ಳಲು ಒಲ್ಲೆ ಎಂದರು' ಎಂದು ದಪ್ಪಕ್ಷರದಲ್ಲಿ ಬರೆದು, ಮರುದಿನದ ಚೀಲದಲ್ಲಿ ಪತ್ರವನ್ನು ಕಳಿಸಿದವರಿಗೆ ತಿರುಗಿಸಿದೆ.

ಸುದ್ದಿ ಸಂಜೆಯೊಳಗೆ ಊರು ಮುಟ್ಟಿತು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಅರಿಷಿಣ ಕುಂಕುಮಕ್ಕೆ ಕರೆಯುವವರು ಶೇವಂತೆವ್ವನ ಮನೆ ಬಿಟ್ಟು ಮುಂದಿನ ಮನೆಗೆ ಹೋದರು. ಅವಳು ಬಳೆಗಾರ್ತಿಯನ್ನು ಕರೆಸಿ ಮೊಣಕೈತನಕ ಹಸಿರು ಬಳೆ ಇಡಿಸಿಕೊಂಡಳು. ಹಣೆಯ ಕುಂಕುಮ ದಿನದಿನಕ್ಕೆ ದೊಡ್ಡದಾಯಿತು. ನನ್ನ ಸೈಕಲ್ಲಿನ ಗಂಟೆ ಕೇಳಿದರೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡುತ್ತಿದ್ದಳು. ಊರಿಗೆಲ್ಲ ಬೇಕಾದ ಗಂಟೆ ಅದು. ಅದಕ್ಕೆ ಹೆದರುವ ಮನೆಯೊಂದು ಊರಲ್ಲಿದೆ ಎಂಬುದು ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಹದಿನೈದು ದಿನಕ್ಕೆ ತವರಿನಿಂದ ಮದುವೆಯ ಕಾಗದ ಬಂತು. ನಾನೇ ಒಯ್ದೆ. ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿದ್ದರು. ಅವಳು ಮೊದಲು ನಾಲ್ಕೂ ಮೂಲೆ ನೋಡಿ ಆಮೇಲೆ ಕೈಗೆ ತೆಗೆದುಕೊಂಡಳು. ಯಾವಾಗ ಹೋಗುತ್ತಿ ಎಂದು ಬೀರಣ್ಣ ಕೇಳಿದ.

"ನಾ ಹೋಗಾಂಗಿಲ್ಲ ಮಾವ. ಹಂದರದಾಗ ನಿಂತ್ರ ಮಂದಿ ಮದುಮಗಳ ಮಾರಿ ನೋಡಾಂಗಿಲ್ಲ, ನನ್ನ ಕೈಯಾಗಿನ ಬಳಿ ನೋಡ್ತಾರ."

ಅಕ್ಕನಿಲ್ಲದೆ ತಂಗಿಯ ಮದುವೆ. ನಾನು ಸೈಕಲ್ ಹತ್ತದೆ ತಳ್ಳಿಕೊಂಡೇ ಮನೆಗೆ ಬಂದೆ.

ತಿಂಗಳ ಕೊನೆಗೆ ಮೇಜಿನ ಮೇಲೆ ಬಿದ್ದ ಅರಗು ಹೆರೆಯುವುದು ನನ್ನ ರೂಢಿ. ಸರ್ಕಾರ ಕೊಡುವ ಅರಗು ಸಾಲುತ್ತಿರಲಿಲ್ಲ. ಹನಿ ಹನಿ ಬಿದ್ದು ಗಡ್ಡೆ ಕಟ್ಟಿದ್ದನ್ನು ಚಾಕುವಿನಿಂದ ಎಬ್ಬಿಸಿ ಮತ್ತೆ ಕರಗಿಸುತ್ತಿದ್ದೆ. ಅಂದು ಅಂಚಿನ ಗಡ್ಡೆಯ ಕೆಳಗೆ ಚಾಕು ತೂರಿಸಿದೆ. ಅದು ಎರಡು ಹೋಳಾಯಿತು. ನಡುವೆ ನೀಲಿ ಕಾಗದದ ಒಂದು ತ್ರಿಕೋನ ತುಂಡು. ನನಗೆ ತಕ್ಷಣ ಹೊಳೆಯಲಿಲ್ಲ. ಉಗುರಿನಿಂದ ಬಿಡಿಸಿದೆ. ಮಡಿಚಿದ ಕಾಗದದ ಮೂರು ಪದರ ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವಿನ ಪದರದ ಮೇಲೆ ಕಪ್ಪು ಶಾಯಿಯಲ್ಲಿ ಎರಡೇ ಅಕ್ಷರ: ಕ್ಷೇಮ.

ಆಗಿನ ಪತ್ರಗಳಲ್ಲಿ ಎಡಗಡೆ ಮೇಲಿನ ಮೂಲೆಯಲ್ಲಿ ಕ್ಷೇಮ ಎಂದು ಬರೆದೇ ಮುಂದಿನ ಮಾತು. ಸಾವಿನ ಪತ್ರದಲ್ಲಿ ಆ ಅಕ್ಷರ ಬರೆಯುವುದಿಲ್ಲ. ಶ್ರೀಯೂ ಇಲ್ಲ, ಕ್ಷೇಮವೂ ಇಲ್ಲ. ಚರ್ ಎಂದ ಸದ್ದು ಮೂರು ವಾರ ತಡವಾಗಿ ನನ್ನ ಕಿವಿಗೆ ಬಿತ್ತು. ಆ ಮೂಲೆ ಹರಿದವನು ಮುದ್ದೇಬಿಹಾಳದ ಸಾಬ ಅಲ್ಲ. ನಾನು. ಎಲ್ಲ ಬಿಟ್ಟು ಕ್ಷೇಮ ಬರೆದ ಮೂಲೆಯನ್ನೇ ಹರಿದಿದ್ದೆ.

ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಹೆದರಿಕೆಯಾಯಿತು. ಹೇಳಿದರೆ ಮಾನ ಹೋಗುತ್ತದೆ, ನೌಕರಿಯೂ ಹೋದೀತು. ತುಂಡನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದಾಗ ನನ್ನ ಹೆಂಡತಿ ಕಸ್ತೂರೆವ್ವ ಚಹಾ ತಂದಳು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ತೋರಿಸಿದೆ. ಅವಳು ಚಹಾದ ಬಟ್ಟಲನ್ನು ನನ್ನ ಕೈಗೆ ಕೊಡದೆ ತಿರುಗಿ ಒಳಗೆ ಒಯ್ದಳು. ಬಾಗಿಲಲ್ಲಿ ನಿಂತು, ನೀವು ಹೋಗುತ್ತೀರೋ ನಾನು ಹೋಗಲೋ ಎಂದು ಕೇಳಿದಳು. ಊರಿಗೆಲ್ಲ ಬೈಯುವ ನನಗೆ ನಮ್ಮ ಮನೆಯಲ್ಲಿ ಬೈಯುವವಳು ಅವಳೊಬ್ಬಳೇ. ಚಪ್ಪಲಿ ಮೆಟ್ಟಿದೆ.

ಹಟ್ಟಿಯಲ್ಲಿ ಶೇವಂತೆವ್ವ ಉಣ್ಣೆ ಹಿಂಜುತ್ತಿದ್ದಳು. ಸೈಕಲ್ಲಿಲ್ಲದೆ, ಗಂಟೆಯಿಲ್ಲದೆ ಬಂದದ್ದರಿಂದ ಬಾಗಿಲು ಹಾಕಲು ಅವಳಿಗೆ ಸಮಯ ಸಿಗಲಿಲ್ಲ. ಬೀರಣ್ಣನನ್ನೂ ಕರೆದು, ನಿಂತುಕೊಂಡೇ ಎಲ್ಲ ಹೇಳಿದೆ. ಅರಗು, ಬಸ್ಸು, ಚರ್ ಎಂದ ಸದ್ದು. ಮೂಲೆ ಹರಿದದ್ದು ನಾನು ಎಂದೆ. ಮುದುಕ ಹಣೆ ಹಣೆ ಬಡಿದುಕೊಂಡ. ಅವಳು ನನ್ನ ಮುಖಕ್ಕೆ ಉಗಿದಿದ್ದರೂ ನಾನು ಒರೆಸಿಕೊಳ್ಳುತ್ತಿರಲಿಲ್ಲ. ಅವಳು ಕೇಳಿದ್ದು ಬೇರೆ.

"ಅದರಾಗ ಏನ ಬರದೈತಿ?"

ಕ್ಷೇಮ ಎಂದು ಬರೆದಿದೆ ಎಂದೆ.

"ಮತ್ತೊಮ್ಮಿ ಓದ್ರಿ."

ಓದಿದೆ. ಇನ್ನೊಮ್ಮೆ ಎಂದಳು. ಬೆರಳಿಟ್ಟು ತೋರಿಸಿ ಮೂರನೆಯ ಸಲ ಓದಿದೆ. ಆಗ ಅವಳು ಮೂರು ವಾರದಿಂದ ತಡೆದದ್ದನ್ನೆಲ್ಲ ಒಮ್ಮೆಲೇ ಅತ್ತಳು. ಹಿಂಜಿದ ಉಣ್ಣೆಯಲ್ಲಿ ಮುಖ ಹುದುಗಿಸಿ ಅತ್ತಳು. ಬೀರಣ್ಣ ಅಳುತ್ತ ಅವಳ ತಲೆ ಸವರುತ್ತಿದ್ದ. ನಾನು ಕಟ್ಟಿಗೆಯ ಹಾಗೆ ನಿಂತಿದ್ದೆ.

ಅತ್ತು ಮುಗಿಸಿ ಅವಳು ತುಂಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಏನೋ ಹೊಳೆದು ತಲೆಯೆತ್ತಿದಳು. ಪತ್ರ ಒಲ್ಲೆ ಎಂದು ತಿರುಗಿ ಕಳಿಸಿದರೆ ಅವನು ಏನು ತಿಳಿದುಕೊಂಡಾನು ಎಂದು ಕೇಳಿದಳು. ಹೊಳ್ಳಿ ಬರಬೇಡ ಎಂದಿದ್ದೆನಲ್ಲ ಎಂದಳು. ಅದು ನನ್ನ ತಲೆಗೆ ಬಂದೇ ಇರಲಿಲ್ಲ. ಮದುವೆಗೆ ಐದು ದಿನ ಉಳಿದಿತ್ತು. ಪತ್ರ ಬರೆದರೆ ಮುಟ್ಟುವುದಕ್ಕೇ ಮೂರು ದಿನ, ಮುಟ್ಟಿದರೂ ಕುರಿಗಾರನಿಗೆ ವಿಳಾಸ ಎಲ್ಲಿದೆ? ನಾನೇ ಹೋಗಿ ಕರೆತರುತ್ತೇನೆ ಎಂದೆ. ಅವಳು ಸೆರಗಿನ ಗಂಟು ಬಿಚ್ಚಿ ತುಂಡನ್ನು ಒಂದು ಖಾಲಿ ಕಡ್ಡಿಪೆಟ್ಟಿಗೆಯಲ್ಲಿಟ್ಟು ಕೊಟ್ಟಳು. ತಿರುಗಿ ತಂದು ಕೊಡಬೇಕು ಎಂದು ಎರಡು ಸಲ ಹೇಳಿದಳು.

ಹನ್ನೊಂದು ವರ್ಷದ ನೌಕರಿಯಲ್ಲಿ ನಾನು ರಜೆ ಹಾಕಿದ್ದು ಅದೇ ಮೊದಲು. ಬದಲಿಗೆ ತಮ್ಮನನ್ನು ಕೂರಿಸಿ, ಬೆಳಿಗ್ಗೆ ಇಂಡಿಗೆ ಹೋದೆ. ಇಂಡಿಯಿಂದ ಸಿಂದಗಿ, ಸಿಂದಗಿಯಿಂದ ಬಸವನ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳ. ಆಗಿನ ಬಸ್ಸುಗಳೋ, ಆ ರಸ್ತೆಗಳೋ! ಕೆಂಧೂಳಿ ಮೂಗಿನಲ್ಲಿ, ಕಿವಿಯಲ್ಲಿ, ಬುತ್ತಿಯ ರೊಟ್ಟಿಯಲ್ಲಿ. ಪಕ್ಕದವರು ಎಲ್ಲಿಗೆ, ಯಾವ ಊರು, ಮಕ್ಕಳೆಷ್ಟು ಎಂದು ಕೇಳಿ ಶೇಂಗಾ ಸುರಿದು ಕೊಡುತ್ತಿದ್ದರು. ಬೇರೆ ದಿನವಾಗಿದ್ದರೆ ಹರಟುತ್ತಿದ್ದೆ. ಅಂದು ಅಂಗಿಯ ಜೇಬಿನ ಕಡ್ಡಿಪೆಟ್ಟಿಗೆಯನ್ನು ಮುಟ್ಟಿ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಬೀಡಿ ಸೇದುವ ಒಬ್ಬ ಕಡ್ಡಿ ಕೇಳಿದಾಗ ಇಲ್ಲ ಎಂದೆ. ಜೇಬಿನಲ್ಲಿ ಪೆಟ್ಟಿಗೆ ಕಾಣುತ್ತಲೇ ಇತ್ತು. ಎಂಥ ಜಿಪುಣ ಎಂದು ಅವನು ಬಸ್ಸಿಗೆಲ್ಲ ಕೇಳುವಂತೆ ಅಂದ. ಅನ್ನಲಿ ಎಂದು ಸುಮ್ಮನಾದೆ.

ಮುದ್ದೇಬಿಹಾಳದಲ್ಲಿ ಗುರುತಿನವರ ಮನೆಯಲ್ಲಿ ಉಳಿದು, ಮರುದಿನ ಎರಡು ಹರದಾರಿ ನಡೆದು ಇಬ್ರಾಹಿಂಸಾಬನ ಅಂಗಡಿ ಮುಟ್ಟಿದೆ. ಬಿಳಿ ಗಡ್ಡದ ಹಿರಿಯರು. ಪರಸಪ್ಪನ ಹೆಸರು ಹೇಳುತ್ತಲೇ ತಕ್ಕಡಿ ಕೆಳಗಿಟ್ಟರು. ಪತ್ರ ಬರೆದವರು ಅವರೇ. ಕುರಿಗಾರರಿಗೆ ಮನೆಯಿಲ್ಲ, ಆದ್ದರಿಂದ ಕಳಿಸಿದವರ ಜಾಗದಲ್ಲಿ ತಮ್ಮ ಅಂಗಡಿಯ ಹೆಸರು ಹಾಕಿದ್ದರು. ಉತ್ತರ ಬಂತೇ ಎಂದು ಪರಸಪ್ಪ ದಿನಾ ಬಂದು ಕೇಳುತ್ತಿದ್ದನಂತೆ. ಹಿಂಡನ್ನು ಮುಂದೆ ಸಾಗಿಸದೆ ಅದೇ ಊರಿನ ಸುತ್ತಲೇ ಇಟ್ಟುಕೊಂಡಿದ್ದನಂತೆ. ಕಡೆಗೆ ಬಂದದ್ದು ಅವನದೇ ಪತ್ರ, ಮೇಲೆ ನನ್ನ ಕೆಂಪು ಅಕ್ಷರ. ಸಾಬರು ಓದಿ ಹೇಳಿದರು. ಜೊತೆಯ ಕುರಿಗಾರರು, ಹೆಂಡತಿ ಗಂಡನ ಪತ್ರ ತಿರುಗಿಸಿದಳೆಂದರೆ ಅದು ಸೋಡಚೀಟಿಯೇ ಎಂದುಬಿಟ್ಟರು. ಅಂದರೆ ಗಂಡ ಹೆಂಡಿರ ಸಂಬಂಧ ಹರಿದಂತೆ ಬರೆದುಕೊಡುವ ಚೀಟಿ. ಆ ದಿನವೇ ಪರಸಪ್ಪ ಹಿಂಡು ಎಬ್ಬಿಸಿದ. ನದಿಯ ಕಡೆಗೆ ಹೋಗುತ್ತಾನೆಂದು ಸಾಬರು ತಿಳಿದಿದ್ದರು. ಆದರೆ ಅವನು ಬಡಗಣ ದಿಕ್ಕಿಗೆ, ಇಂಗಳೇಶ್ವರದ ಕಡೆಗೆ ಹೋದದ್ದನ್ನು ನೋಡಿದವರಿದ್ದರು.

"ಒಂದ ಪತ್ರ ಬರದೆ, ಎರಡ ಮನಿ ಸುಟ್ಟೆ ಅಂತ ನನಗ ನಿದ್ದಿಲ್ಲರಿ ಮಾಸ್ತರ" ಎಂದರು ಸಾಬರು.

ಸುಟ್ಟವರು ನೀವಲ್ಲ ಎಂದು ಕಡ್ಡಿಪೆಟ್ಟಿಗೆ ತೆರೆದು ತೋರಿಸಿದೆ. ತಮ್ಮದೇ ಅಕ್ಷರ ನೋಡಿ ಅವರು ಪೆಟ್ಟಿಗೆಯನ್ನು ಮೆಲ್ಲಗೆ ಮುಚ್ಚಿ ನನ್ನ ಕೈಗಿಟ್ಟರು.

ಇಂಗಳೇಶ್ವರ ಬಸವನ ಬಾಗೇವಾಡಿಯ ಮಗ್ಗುಲಲ್ಲೇ ಇದೆ. ಹಿಂದಿನ ದಿನ ನಾನು ಅದನ್ನು ಹಾಯ್ದೇ ಬಂದಿದ್ದೆ. ತಿರುಗಿ ಬಾಗೇವಾಡಿಗೆ ಬಂದು ಸಿಕ್ಕ ಚಕ್ಕಡಿ ಹತ್ತಿ ಹೋದೆ. ಊರ ಹೊರಗೆ ಜೋಳ ಕೊಯ್ದ ಹೊಲದಲ್ಲಿ ಕುರಿ ತರುಬಿದ್ದವು. ಬಲೆಯ ಬೇಲಿಯ ಪಕ್ಕ ಪರಸಪ್ಪ ಕಂಬಳಿ ಹಾಸಿ ಕುಳಿತಿದ್ದ. ಗಡ್ಡ ಬಿಟ್ಟು, ಕಣ್ಣು ಒಳಗೆ ಹೋಗಿ, ಗುರುತು ಸಿಗದ ಹಾಗಾಗಿದ್ದ. ಊರಿಗೂ ನದಿಗೂ ನಡುವೆ ಅಲ್ಲಿ ನಿಂತುಬಿಟ್ಟಿದ್ದ. ಮುಂದೆ ಬರಲು ಮುಖವಿಲ್ಲ, ಹಿಂದೆ ಹೋಗಲು ಮನಸ್ಸಿಲ್ಲ. ನನ್ನನ್ನು ಕಂಡವನೇ ಎದ್ದು, ಅಪ್ಪ ಆರಾಮಿದ್ದಾನೆಯೇ ಎಂದು ಕೇಳಿದ. ಹೆಂಡತಿಯನ್ನು ಕೇಳಲಿಲ್ಲ.

ಪತ್ರ ಎಲ್ಲಿ ಎಂದೆ. ಕಂಬಳಿಯ ಕೊಪ್ಪೆಯೊಳಗಿಂದ ತೆಗೆದು ಕೊಟ್ಟ. ಅಂಟು ಹಾಗೇ ಇತ್ತು, ಯಾರೂ ಒಡೆದಿರಲಿಲ್ಲ. ನಾನು ಕಡ್ಡಿಪೆಟ್ಟಿಗೆಯ ತುಂಡನ್ನು ಹರಿದ ಮೂಲೆಗೆ ಹಿಡಿದೆ. ಎಳೆಗೆ ಎಳೆ ಕೂಡಿತು. ಆಗ ಎಲ್ಲ ಹೇಳಿದೆ. ಅವನು ಕುರಿಗಳ ಕಡೆ ನೋಡುತ್ತ ಕೇಳಿದ. ನಾನು ಹೇಳಿ ಮುಗಿಸಿದ ಮೇಲೂ ಅವನಿಗೆ ಒಂದು ಮಾತು ಅರ್ಥವಾಗದೆ ಉಳಿದಿತ್ತು. ಏನೇ ಇರಲಿ, ಒಲ್ಲೆ ಎಂದದ್ದು ಖರೆಯಲ್ಲವೇ ಎಂದ.

"ಆಕಿ ನಿನ್ನ ಒಲ್ಲೆ ಅನ್ನಲಿಲ್ಲೋ ಪರಸಪ್ಪ. ನಿನ್ನ ಸಾವು ಒಲ್ಲೆ ಅಂದ್ಲು."

ಅವನು ಕೆಳಗೆ ಕುಳಿತ. ಕಂಬಳಿ ತಲೆಯ ಮೇಲೆ ಎಳೆದುಕೊಂಡ. ಅಂಥ ಬಿಸಿಲಿನಲ್ಲಿ ಕಂಬಳಿ ಹೊದ್ದು ಗಂಡಸು ಅಳುವುದನ್ನು ನೋಡಲಾರದೆ ನಾನು ಬೇಲಿಯ ಆಚೆ ಹೋಗಿ ಕುರಿಮರಿ ನೋಡುತ್ತ ನಿಂತೆ. ನಿಜ ಹೇಳಬೇಕೆಂದರೆ ನಾನೂ ಅತ್ತೆ.

ಹಿಂಡನ್ನು ಜೊತೆಗಾರರಿಗೆ ಒಪ್ಪಿಸಿ ಮರುದಿನ ಬಂದೆವು. ಮಧ್ಯಾಹ್ನದ ಬಸ್ಸು ನಮ್ಮ ಬಾಗಿಲ ಮುಂದೆ ಇಳಿಸಿತು. ಅದೇ ಡ್ರೈವರ, ನಾನು ಬೈಯದೆ ಇಳಿದದ್ದು ನೋಡಿ ಮೈಗೆ ಹುಷಾರಿಲ್ಲವೇ ಎಂದು ಕೇಳಿದ. ಪರಸಪ್ಪನಿಗೆ ಹಟ್ಟಿಯ ಕಡೆಗೆ ಕಾಲು ಏಳಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತುಬಿಟ್ಟ. ಕಸ್ತೂರೆವ್ವ ಅವನಿಗೆ ನೀರು ಕೊಟ್ಟು, ತಾನೇ ಹಟ್ಟಿಗೆ ಹೋಗಿ ಶೇವಂತೆವ್ವನನ್ನೂ ಮುದುಕನನ್ನೂ ಕರೆತಂದಳು.

ಬೀರಣ್ಣ ಮಗನ ತೋಳು, ಬೆನ್ನು ಮುಟ್ಟಿ ಮುಟ್ಟಿ ನೋಡಿದ. ಶೇವಂತೆವ್ವ ಮೆಟ್ಟಿಲ ಕೆಳಗೆ ನಿಂತಳು. ಗಂಡನನ್ನು ಒಂದು ಸಲ ನೆತ್ತಿಯಿಂದ ಪಾದದವರೆಗೆ ನೋಡಿದಳು, ಆಮೇಲೆ ನೆಲ ನೋಡಿದಳು. ಅವನೂ ನೆಲ ನೋಡುತ್ತಿದ್ದ. ಹಿರಿಯರೆದುರು ಗಂಡ ಹೆಂಡಿರು ಮಾತಾಡುವ ಕಾಲ ಅದಲ್ಲ.

ನಾನು ಮೇಜಿನ ಹಿಂದೆ ಹೋಗಿ ಕುಳಿತೆ. ನನ್ನ ಕೆಂಪು ಅಕ್ಷರದ ಮೇಲೆ ಅಡ್ಡಗೆರೆ ಎಳೆದೆ. ಹರಿದ ಮೂಲೆಗೆ ಅಂಟು ಹಚ್ಚಿ ತುಂಡು ಕೂಡಿಸಿದೆ. ಬೀದಿಯಲ್ಲಿ ಕೂಗುವ ಹಾಗೆಯೇ ಅವಳ ಹೆಸರು ಕೂಗಿ, ಪತ್ರ ಇದೆ, ತೆಗೆದುಕೊಳ್ಳುತ್ತೀಯಾ ಎಂದು ಕೇಳಿದೆ. ಅವಳು ಮೆಟ್ಟಿಲು ಹತ್ತಿ ಬಂದು ಎರಡೂ ಕೈ ಚಾಚಿ ತೆಗೆದುಕೊಂಡಳು. ಹಣೆಗೆ ಒತ್ತಿಕೊಂಡು, ಓದಿ ಹೇಳಿರಿ ಎಂದು ನನಗೇ ತಿರುಗಿ ಕೊಟ್ಟಳು. ಒಡೆದು ಓದಿದೆ. ಪರಸಪ್ಪ ಆಡಿದ್ದನ್ನು ಸಾಬರು ಆಡಿದ ಹಾಗೆಯೇ ಬರೆದಿದ್ದರು.

"ಕ್ಷೇಮ. ಶೇವಂತೆವ್ವಗ ಪರಸಪ್ಪ ಬರಸಿದ್ದು. ಕುರಿ ಅರಾಮ ಅದಾವು, ನಾನೂ ಅರಾಮ ಅದೇನಿ. ನೀ ಹೊಳ್ಳಿ ಬರಬ್ಯಾಡ ಅಂದಿದ್ದಿ. ಆ ಮಾತ ಕಿವ್ಯಾಗ ಐತಿ. ತಂಗಿ ಮದುವಿಗಿ ಬರಬೇಕಂತ ನನಗ ಭಾಳ ಮನಸೈತಿ. ಆದ್ರ ನೀ ಕರೀಬೇಕು. ಬಾ ಅಂತ ಒಂದ ಅಕ್ಷರ ಬರಸು, ಬರ್ತೇನಿ."

ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪರಸಪ್ಪ ಕಂಬದ ಕಡೆ ಮುಖ ತಿರುಗಿಸಿದ. ಶೇವಂತೆವ್ವ ಮಾತ್ರ ಮೇಜು ಬಿಟ್ಟು ಕದಲಲಿಲ್ಲ.

"ಮಾಸ್ತರ, ಇದಕ್ಕ ನನ್ನ ಉತ್ತರ ಬರೀರಿ" ಎಂದಳು.

ಎದುರಿಗೇ ಕುಳಿತಿದ್ದಾನಲ್ಲ, ಬಾಯಿಂದಲೇ ಹೇಳು ಎಂದು ಬೀರಣ್ಣ ಹೇಳಿದ. ಪತ್ರದಲ್ಲಿ ಕೇಳಿದ್ದಾನೆ, ಪತ್ರದಲ್ಲೇ ಹೇಳುತ್ತೇನೆ ಎಂದಳು. ನಾನು ಪೆಟ್ಟಿಗೆಯಿಂದ ಹೊಸ ಇನ್‌ಲ್ಯಾಂಡ್ ಪತ್ರ ತೆಗೆದೆ. ಎಡಗಡೆ ಮೂಲೆಯಲ್ಲಿ ದೊಡ್ಡದಾಗಿ ಕ್ಷೇಮ ಬರೆದೆ. ನಡುವೆ ಏನು ಬರೆಯಲಿ ಎಂದು ಕೇಳಿದೆ.

"ಬಾ ಅಂತ ಬರೀರಿ. ಅಷ್ಟ ಸಾಕು."

ಬರೆದೆ. ಮಡಿಚಿ ಅಂಟಿಸಿ, ಮೇಲೆ ಪರಸಪ್ಪನ ಹೆಸರು ಹಾಕಿದೆ. ವಿಳಾಸದ ಜಾಗದಲ್ಲಿ ಅಂಚೆ ಕಚೇರಿಯ ಪಡಸಾಲೆ ಎಂದು ಬರೆದೆ. ಠಸ್ಸೆಯನ್ನು ಮಸಿಗೆ ಒತ್ತಿ ಆ ದಿನದ ತಾರೀಖು ಹೊಡೆದೆ. ನಾಲ್ಕೂ ಮೂಲೆ ಸರಿಯಾಗಿವೆಯೇ ಎಂದು ನೋಡಿ, ಎದ್ದು ನಾಲ್ಕು ಹೆಜ್ಜೆ ನಡೆದು ಅವನ ಕೈಗೆ ಕೊಟ್ಟೆ. ಪರಸಪ್ಪನಿಗೆ ಓದಲು ಬರದು. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. ಹಳೆಯ ಪತ್ರದ ಮೇಲೆ ನಾನು ಅಡ್ಡಗೆರೆ ಎಳೆದಿದ್ದ ಕೆಂಪು ಅಕ್ಷರವನ್ನೂ ನೋಡಿದ.

"ಮಾಸ್ತರ, ಇದರ ಮ್ಯಾಲೂ ಕೆಂಪ ಶಾಯಿಲೆ ಬರೀರಿ" ಎಂದ. "ತಗೊಂಡಾನ ಅಂತ ಬರೀರಿ."

ಸಾದಾ ಪತ್ರದ ಮೇಲೆ ಹಾಗೆ ಬರೆಯುವ ಕಾಯಿದೆ ಇಲ್ಲ. ಬರೆದೆ.